ಹಾಡು ಗೊತ್ತು, ಕಟ್ಟಿದವರು ಗೊತ್ತಾ?

ಸರ್ಜಾಪುರ: ಮದುವೆ ಛತ್ರದಲ್ಲಿ ಊಟದ ಪಂಕ್ತಿಗೆ ಕಾಯುತ್ತ ಕೂತವರು ಗಮನಿಸಿರಬಹುದು. ಗಟ್ಟಿಮೇಳ ಮುಗಿದು, ಅಕ್ಷತೆ ಬಿದ್ದು, ಗದ್ದಲ ಒಂದಿಷ್ಟು ಇಳಿದ ಮೇಲೆ ವಾಲಗದವರು ನೆಮ್ಮದಿಯಾಗಿ ಒಂದು ಕೀರ್ತನೆ ಎತ್ತಿಕೊಳ್ಳುತ್ತಾರೆ. ಖಮಾಸ್ ರಾಗ, ಆದಿ ತಾಳ. ಸಂಗೀತದ ಗಂಧವಿಲ್ಲದವರ ತಲೆಯೂ ತಾನಾಗಿ ತೂಗುತ್ತದೆ. 'ಇದು ಶಂಕರಾಭರಣಂ ಸಿನಿಮಾದ್ದಲ್ವಾ?' ಅಂತಾರೆ ಒಬ್ಬರು. 'ಅಲ್ಲ ಕಣ್ರೀ, ತ್ಯಾಗರಾಜರದು' ಅಂತಾರೆ ಪಕ್ಕದವರು. ಅಷ್ಟರಲ್ಲಿ ಎಲೆ ಹಾಕಿದರು ಅಂತ ಕೂಗು ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ.

ಸಿನಿಮಾ ಬಂದದ್ದು 1980ರಲ್ಲಿ. ಹಾಡು ಅದಕ್ಕಿಂತ ಎಷ್ಟೋ ಹಳೆಯದು. ತ್ಯಾಗರಾಜರಂತೂ 1847ರಲ್ಲೇ ದೈವಾಧೀನರಾದರು, ಅವರದ್ದೂ ಅಲ್ಲ. 'ಬ್ರೋಚೇವಾರೆವರುರಾ' ಎಂಬ ಆ ಕೃತಿಯನ್ನು ಕಟ್ಟಿದವರು ಮೈಸೂರಿನವರು, ಕನ್ನಡಿಗರು. ಹೆಸರು ವಾಸುದೇವಾಚಾರ್ಯ. ಇನ್ನೂರರಷ್ಟು ಕೃತಿಗಳ ಒಡೆಯ. ಸಾಲದ್ದಕ್ಕೆ ಸಂಗೀತಗಾರರ ಬಗ್ಗೆ ಕನ್ನಡದಲ್ಲಿ ಪುಸ್ತಕ ಬರೆದಿಟ್ಟವರು. ಹಾಡು ಮನೆಮನೆಗೆ ತಲುಪಿದೆ, ಹಾಡಿನ ಯಜಮಾನನ ಹೆಸರು ಮಾತ್ರ ದಾರಿಯಲ್ಲೇ ಉದುರಿಹೋಗಿದೆ.

ಮೇ ತಿಂಗಳು ಅವರ ತಿಂಗಳು. ಹುಟ್ಟಿದ್ದು 1865ರ ಮೇ 28. ತೀರಿಕೊಂಡದ್ದು 1961ರ ಮೇ 17. ತೊಂಬತ್ತಾರು ತುಂಬಲು ಬರೀ 11 ದಿನ ಬಾಕಿ ಇತ್ತು!

ಶಾಸ್ತ್ರದ ಮನೆಯ ಹುಡುಗ

ವಾಸುದೇವಾಚಾರ್ಯರದು ಸಂಗೀತಗಾರರ ಮನೆತನವಲ್ಲ, ಶಾಸ್ತ್ರ ಪಂಡಿತರ ಮನೆ. ತಂದೆ ಸುಬ್ರಹ್ಮಣ್ಯಾಚಾರ್ಯರು ಮಗ ಚಿಕ್ಕವನಿದ್ದಾಗಲೇ ಹೋಗಿಬಿಟ್ಟರು. ಬೆಳೆದದ್ದು ತಾಯಿಯ ತಂದೆಯ ಆಸರೆಯಲ್ಲಿ. ಮೈಸೂರಿನ ಸಂಸ್ಕೃತ ಪಾಠಶಾಲೆಗೆ ಸೇರಿ ಕಾವ್ಯ, ವ್ಯಾಕರಣ ಓದಿದರು. ಮನೆಯವರ ಲೆಕ್ಕಾಚಾರದಂತೆ ನಡೆದಿದ್ದರೆ ಒಬ್ಬ ಪಂಡಿತರಾಗಿ, ಪಾಠ ಹೇಳಿಕೊಂಡು ಇರಬೇಕಾಗಿತ್ತು.

ಆದರೆ ಹುಡುಗನ ಕಿವಿ ಬೇರೆ ಕಡೆ ಇತ್ತು. ಆಗಿನ ಮೈಸೂರು ವೀಣೆಯ ಊರು. ಅರಮನೆಯ ವಿದ್ವಾಂಸರಾಗಿದ್ದ ವೀಣೆ ಪದ್ಮನಾಭಯ್ಯನವರ ಬಳಿ ಪಾಠ ಶುರುವಾಯಿತು. ಸಂಸ್ಕೃತವೂ ಬಿಡಲಿಲ್ಲ, ಸಂಗೀತವೂ ಬಿಡಲಿಲ್ಲ. ಮುಂದೆ ಕೃತಿ ಕಟ್ಟುವ ಕಾಲಕ್ಕೆ ಈ ಎರಡು ಕಸುಬೂ ಒಂದೇ ಕೈಯಲ್ಲಿ ಕೂಡಿಬಂತು. ರಾಗ ಬಲ್ಲವನಿಗೆ ಮಾತು ಸಿಗುವುದಿಲ್ಲ, ಮಾತು ಬಲ್ಲವನಿಗೆ ರಾಗ ಒಲಿಯುವುದಿಲ್ಲ. ಇವರಿಗೆ ಎರಡೂ ಇತ್ತು.

ಕಾವೇರಿ ಜೊತೆಗೇ ಹೋದವರು

ಆಗ ಮೈಸೂರನ್ನು ಆಳುತ್ತಿದ್ದವರು ಚಾಮರಾಜೇಂದ್ರ ಒಡೆಯರ್. 1881ರಿಂದ 1894ರವರೆಗೆ ಅವರ ಆಳ್ವಿಕೆ. ಪ್ರತಿಭೆ ಕಂಡರೆ ಕೈಹಿಡಿಯುವ ದೊರೆ. ಹುಡುಗನಲ್ಲಿ ಸರಕಿದೆ ಅಂತ ಗೊತ್ತಾದ ಮೇಲೆ, ಖರ್ಚಿಗೆ ವ್ಯವಸ್ಥೆ ಮಾಡಿ ತಂಜಾವೂರು ಸೀಮೆಯ ತಿರುವಯ್ಯಾರಿಗೆ ಕಳಿಸಿಕೊಟ್ಟರು. ಶ್ರೀರಂಗಪಟ್ಟಣದ ಪಕ್ಕ ಹರಿಯುವ ಕಾವೇರಿಯೇ ಅಲ್ಲೂ ಹರಿಯುತ್ತದೆ. ತ್ಯಾಗರಾಜರು ಬಾಳಿ ಬದುಕಿದ ಊರು ಅದು.

ಅಲ್ಲಿ ಗುರು ಪಟ್ಣಂ ಸುಬ್ರಹ್ಮಣ್ಯ ಅಯ್ಯರ್. ತ್ಯಾಗರಾಜರ ಶಿಷ್ಯರಾದ ಮಾನಂಬುಚಾವಡಿ ವೆಂಕಟಸುಬ್ಬಯ್ಯರ್ ಅವರ ಶಿಷ್ಯ. ಅಂದರೆ ವಾಸುದೇವಾಚಾರ್ಯರಿಗೂ ತ್ಯಾಗರಾಜರಿಗೂ ನಡುವೆ ಇದ್ದವರು ಇಬ್ಬರೇ. ಪಟ್ಣಂ ಅವರ ಕಂಠ ಹುಟ್ಟಿನಿಂದ ಬಂದ ಇಂಪಿನದ್ದಲ್ಲ, ಸಾಧನೆ ಮಾಡಿ ಮಾಡಿ ಪಳಗಿಸಿದ್ದು ಅಂತ ಸಂಗೀತ ಬಲ್ಲವರು ಹೇಳುವುದುಂಟು. ಸ್ವತಃ ದೊಡ್ಡ ವಾಗ್ಗೇಯಕಾರರು. ಇವತ್ತಿಗೂ ಕಛೇರಿಗಳಲ್ಲಿ ಮಿಂಚುವ ಕದನಕುತೂಹಲ ರಾಗದ 'ರಘುವಂಶ ಸುಧಾ' ಅವರದ್ದೇ.

ಗುರುಕುಲ ಅಂದರೆ ಈಗಿನ ಟ್ಯೂಷನ್ ಥರ ಅಲ್ಲ. ಗಂಟೆಗಿಷ್ಟು ಅಂತ ಫೀಜು ಕೊಟ್ಟು ಎದ್ದು ಬರುವ ಹಾಗಿಲ್ಲ. ಗುರುಗಳ ಮನೆಯಲ್ಲೇ ವಾಸ, ಅವರ ಸೇವೆ, ಅವರು ಮನಸ್ಸು ಬಂದಾಗ ಹೇಳಿಕೊಟ್ಟದ್ದೇ ಪಾಠ. ಅವರು ಹಾಡುವಾಗ ಹಿಂದೆ ಕೂತು ಕೇಳುವುದೇ ಅರ್ಧ ವಿದ್ಯೆ. ವರ್ಷಗಟ್ಟಲೆ ಹೀಗೆ ಕಳೆದು ವಾಸುದೇವಾಚಾರ್ಯರು ಮೈಸೂರಿಗೆ ವಾಪಸ್ ಬಂದರು. ಹಾಡಲು ಕಲಿತು ಬಂದರು ಅನ್ನುವುದು ದೊಡ್ಡ ವಿಷಯವಲ್ಲ. ಕೃತಿ ಹೇಗೆ ಹುಟ್ಟುತ್ತದೆ ಅನ್ನುವುದನ್ನು ಹತ್ತಿರದಿಂದ ಕಂಡು ಬಂದಿದ್ದರು.

ಮೂವರು ದೊರೆಗಳ ಕಾಲ

ಮೈಸೂರಿನಲ್ಲಿ ಆಸ್ಥಾನ ವಿದ್ವಾಂಸರಾದರು. ಚಾಮರಾಜೇಂದ್ರ ಒಡೆಯರ್, ನಾಲ್ವಡಿ ಕೃಷ್ಣರಾಜ ಒಡೆಯರ್, ಜಯಚಾಮರಾಜ ಒಡೆಯರ್ ಹೀಗೆ ಮೂವರು ದೊರೆಗಳ ಕಾಲ ಕಂಡರು. ನಾಲ್ವಡಿಯವರ ದರ್ಬಾರಿನಲ್ಲಿ ಆಗ ಯಾರಿರಲಿಲ್ಲ? ವೀಣೆ ಶೇಷಣ್ಣ, ವೀಣೆ ಸುಬ್ಬಣ್ಣ, ಬಿಡಾರಂ ಕೃಷ್ಣಪ್ಪ, ಆಮೇಲೆ ಮುತ್ತಯ್ಯ ಭಾಗವತರು... ಒಂದೇ ಬೀದಿಯಲ್ಲಿ ಹತ್ತು ಚಿನ್ನದ ಅಂಗಡಿ ಇದ್ದ ಹಾಗೆ. ಅಂಥ ಕಡೆ ಹನ್ನೊಂದನೆಯವನಾಗಿ ಅಂಗಡಿ ತೆರೆದು ಹೆಸರು ಗಳಿಸುವುದು ಹುಡುಗಾಟವಲ್ಲ.

ಜಯಚಾಮರಾಜ ಒಡೆಯರ್ ಅವರಂತೂ ತಾವೇ 94 ಕೃತಿ ರಚಿಸಿದ ದೊರೆ. ಆ ಕೆಲಸದಲ್ಲಿ ಅವರಿಗೆ ವಾಸುದೇವಾಚಾರ್ಯರ ಮಾರ್ಗದರ್ಶನ ಸಿಕ್ಕಿತ್ತು. ರಾಜನ ಅಜ್ಜ ಕೊಟ್ಟ ದುಡ್ಡಿನಲ್ಲಿ ಕಲಿತ ವಿದ್ಯೆಯನ್ನು ಮೊಮ್ಮಗನಿಗೆ ತೀರಿಸಿದ ಹಾಗಾಯಿತು.

ಕೃತಿ ಅಂದರೆ ಏನು ಸ್ವಾಮಿ?

ಬಸ್ಸಿನಲ್ಲಿ ಓಡಾಡುವವರಿಗೆ ಬಸ್ಸಿನ ಲೆಕ್ಕದಲ್ಲೇ ಹೇಳಬಹುದು. ಕೃತಿಗೆ ಮೂರು ಭಾಗ. ಪಲ್ಲವಿ, ಅನುಪಲ್ಲವಿ, ಚರಣ. ಪಲ್ಲವಿ ಅಂದರೆ ಬಸ್ ಸ್ಟ್ಯಾಂಡು. ಅಲ್ಲಿಂದ ಹೊರಡಬೇಕು. ಅನುಪಲ್ಲವಿಯಲ್ಲಿ ರಾಗ ಮೇಲಕ್ಕೆ ಏರುತ್ತದೆ, ಒಂದು ಸುತ್ತು ಹೊಡೆದು ಮತ್ತೆ ಸ್ಟ್ಯಾಂಡಿಗೇ ಬರುತ್ತದೆ. ಚರಣ ಉದ್ದದ ರೂಟು. ಊರೆಲ್ಲ ತೋರಿಸಿಕೊಂಡು ಕೊನೆಗೆ ಅದೂ ಸ್ಟ್ಯಾಂಡಿಗೇ ಬಂದು ನಿಲ್ಲಬೇಕು. ಪ್ರತಿ ಸಲ ವಾಪಸ್ ಬಂದಾಗಲೂ ಅದೇ ಪಲ್ಲವಿ ಹೊಸದಾಗಿ ಕೇಳಿಸಬೇಕು. ಅದೇ ಕಟ್ಟಿದವನ ಜಾಣತನ.

ಇದರ ಜೊತೆಗೆ ಚಿಟ್ಟೆಸ್ವರ ಅಂತ ಒಂದುಂಟು. ಮಾತಿಲ್ಲದೆ ಬರೀ ಸರಿಗಮದಲ್ಲಿ ಮೊದಲೇ ಹೆಣೆದಿಟ್ಟ ಸಾಲು. 'ಬ್ರೋಚೇವಾರೆವರುರಾ' ಇಷ್ಟು ಜನಕ್ಕೆ ಹಿಡಿಸಿದ್ದರಲ್ಲಿ ಅದರ ಚಿಟ್ಟೆಸ್ವರದ ಪಾಲು ದೊಡ್ಡದು. ಖಮಾಸ್ ರಾಗದಲ್ಲಿ ಒಂದು ನಿಷಾದದ ಜೊತೆ ಇನ್ನೊಂದು ನಿಷಾದ ಹಾಡುವ ರೂಢಿ ಹಬ್ಬಿದ್ದೂ ಈ ಕೃತಿಯಿಂದಲೇ ಅಂತ ವಿದ್ವಾಂಸರು ಹೇಳುತ್ತಾರೆ. ಅಂದರೆ ಒಬ್ಬರ ಒಂದು ಹಾಡು ರಾಗದ ಚಹರೆಯನ್ನೇ ಬದಲಿಸಿತು!

ಅವರದು ಬರೀ ಒಂದೇ ಹಾಡಿನ ಖ್ಯಾತಿಯಲ್ಲ. ಹಿಂದೋಳದ 'ಮಾಮವತು ಶ್ರೀ ಸರಸ್ವತಿ' ನವರಾತ್ರಿ ಬಂತೆಂದರೆ ಸಂಗೀತ ಶಾಲೆಗಳಲ್ಲಿ ಕೇಳಿಸುತ್ತದೆ. ಆಭೇರಿಯ 'ಭಜರೇ ರೇ ಮಾನಸ' ದೊಡ್ಡ ದೊಡ್ಡ ಗಾಯಕರು ಹಾಡಿದ್ದು. ವರ್ಣ, ಕೃತಿ, ತಿಲ್ಲಾನ, ಜಾವಳಿ, ರಾಗಮಾಲಿಕೆ, ಎಲ್ಲದಕ್ಕೂ ಕೈಹಾಕಿದವರು. 'ವಾಸುದೇವ ಕೀರ್ತನ ಮಂಜರಿ' ಅಂತ ಸ್ವರಲಿಪಿ ಸಮೇತ ಅಚ್ಚು ಮಾಡಿಸಿದರು. ಬಾಯಿಂದ ಬಾಯಿಗೆ ಹೋಗುವ ಕಸುಬಿನಲ್ಲಿ, ಸರಕನ್ನು ಹೀಗೆ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟ ಜಾಗರೂಕತೆ ಎಲ್ಲರಿಗೂ ಬರುವುದಿಲ್ಲ.

ಕನ್ನಡದವರು, ಮತ್ತೆ ತೆಲುಗೇಕೆ?

ಈ ಪ್ರಶ್ನೆ ಬಂದೇ ಬರುತ್ತದೆ. ಅವರ ಕೃತಿಗಳೆಲ್ಲ ಹೆಚ್ಚಾಗಿ ತೆಲುಗು, ಸಂಸ್ಕೃತದಲ್ಲಿವೆ. ಪುರಂದರದಾಸರು ಕನ್ನಡದಲ್ಲಿ ಹಾಡಲಿಲ್ಲವೇ, ಇವರಿಗೇನಾಗಿತ್ತು ಅಂತ ಕೇಳುವವರಿದ್ದಾರೆ.

ಉತ್ತರ ಸರ್ಜಾಪುರದವರಿಗೆ ಬೇರೆಯವರಿಗಿಂತ ಬೇಗ ಅರ್ಥವಾಗಬೇಕು. ಆನೇಕಲ್ ತಾಲ್ಲೂಕಿನ ಈ ಮೂಲೆ, ಒಂದು ಹೆಜ್ಜೆ ಮುಂದಿಟ್ಟರೆ ಬಾಗಲೂರು, ಹೊಸೂರು. ಇಲ್ಲಿನ ಅಂಗಡಿಯವರು ಗಲ್ಲಾ ಮೇಲೆ ಕೂತು ಒಬ್ಬ ಗಿರಾಕಿಗೆ ಕನ್ನಡ, ಮತ್ತೊಬ್ಬರಿಗೆ ತೆಲುಗು, ಮಗದೊಬ್ಬರಿಗೆ ತಮಿಳು, ಉರ್ದು ಆಡುತ್ತಾರೆ. ಈಗಂತೂ ಐಟಿ ಕಂಪನಿಯ ಮಂದಿಗೆ ಹಿಂದಿಯೂ ಸೇರಿದೆ. ವ್ಯಾಪಾರಕ್ಕೆ ಯಾವ ಭಾಷೆ ನಡೆಯುತ್ತದೋ ಅದು. ಕರ್ನಾಟಕ ಸಂಗೀತದ ಸಂತೆಯಲ್ಲಿ ಆ ಕಾಲಕ್ಕೆ ನಡೆಯುತ್ತಿದ್ದ ನಾಣ್ಯ ತೆಲುಗು. ತಮಿಳು ಸೀಮೆಯಲ್ಲೇ ಬಾಳಿದ ತ್ಯಾಗರಾಜರೂ ತೆಲುಗಿನಲ್ಲೇ ಕಟ್ಟಿದರು. ಗುರು ಪಟ್ಣಂ ಅವರೂ ಅಷ್ಟೇ. ಶಿಷ್ಯನಿಗೆ ಬಂದದ್ದೂ ಅದೇ ದಾರಿ. ಹಾಗೆ ಕಟ್ಟಿದ್ದರಿಂದಲೇ ಮದರಾಸಿನಲ್ಲೂ ಆಂಧ್ರದಲ್ಲೂ ಇವರ ಕೃತಿಗಳನ್ನು ತಡೆಯಿಲ್ಲದೆ ಹಾಡಿದರು.

ಆದರೆ ಅದಕ್ಕೆ ಬೆಲೆಯನ್ನೂ ತೆರಬೇಕಾಯಿತು. ತೆಲುಗಿನಲ್ಲಿದೆ, ರಾಮನ ಮೇಲಿದೆ, ಹಾಗಾದರೆ ತ್ಯಾಗರಾಜರದೇ ಇರಬೇಕು ಅಂತ ಜನ ತೀರ್ಮಾನಿಸಿದರು. ಇನ್ನೂ ಒಂದು ತಮಾಷೆ ಇದೆ. ವಾಗ್ಗೇಯಕಾರರು ಕೃತಿಯ ಕೊನೆಗೆ ತಮ್ಮ ಅಂಕಿತ ಹಾಕುತ್ತಾರೆ. ಒಂದು ಕಾಲಕ್ಕೆ ಮಗ್ಗಕ್ಕೆ ಹೆಸರಾಗಿದ್ದ ಸರ್ಜಾಪುರದಲ್ಲಿ ಬಟ್ಟೆ ನೋಡಿದರೇ ಯಾರ ಕೈ ಅಂತ ಹೇಳುವವರಿದ್ದರಲ್ಲ, ಹಾಗೆ ಅದು ಕಟ್ಟಿದವನ ಗುರುತು. ಇವರ ಅಂಕಿತ 'ವಾಸುದೇವ'. ಅದು ದೇವರ ಹೆಸರೂ ಹೌದು, ಇವರ ಹೆಸರೂ ಹೌದು. ಕೇಳಿದವರು ಕೃಷ್ಣನ ಹೆಸರು ಅಂತ ಕೈಮುಗಿದರೇ ಹೊರತು, ಇದು ಬರೆದವರ ರುಜು ಅಂತ ಹೊಳೆಯಲಿಲ್ಲ. ರುಜು ಹಾಕಿದ್ದೂ ಹಾಕದ ಹಾಗೆ ಆಯಿತು.

ಮಾತಾಡಿದ್ದು ಮಾತ್ರ ಕನ್ನಡದಲ್ಲಿ

ಹಾಡಿಗೆ ತೆಲುಗು ಆರಿಸಿಕೊಂಡವರು, ಮಾತಿಗೆ ಆರಿಸಿಕೊಂಡದ್ದು ಕನ್ನಡವನ್ನು. 'ನಾ ಕಂಡ ಕಲಾವಿದರು' ಎಂಬ ಅವರ ಪುಸ್ತಕ ಕನ್ನಡದ ಆಸ್ತಿ. ಗುರು ಪಟ್ಣಂ ಸುಬ್ರಹ್ಮಣ್ಯ ಅಯ್ಯರ್, ವೀಣೆ ಶೇಷಣ್ಣ ಇಂಥವರನ್ನು ಕಣ್ಣಾರೆ ಕಂಡು, ಕಿವಿಯಾರೆ ಕೇಳಿ, ಜೊತೆಗೆ ಕೂತು ಉಂಡವರು ಬರೆದ ಚಿತ್ರಗಳು. ತಮ್ಮ ಬಾಳಿನ ನೆನಪುಗಳನ್ನೂ ಬರೆದಿಟ್ಟರು.

ಇದು ಯಾಕೆ ಮುಖ್ಯ? ಒಂದು ತಾರೀಖು ನೋಡಿ. ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ತೀರಿಕೊಂಡದ್ದು 1902ರಲ್ಲಿ. ಭಾರತದಲ್ಲಿ ಗ್ರಾಮಫೋನ್ ಕಂಪನಿಯವರು ಕಲ್ಕತ್ತಕ್ಕೆ ಬಂದು ಗೌಹರ್ ಜಾನ್ ಹಾಡನ್ನು ರೆಕಾರ್ಡು ಮಾಡಿದ್ದು ಅದೇ 1902ರ ನವೆಂಬರಿನಲ್ಲಿ. ನಾಲ್ಕಾರು ತಿಂಗಳ ಅಂತರದಲ್ಲಿ ಆ ಗುರುವಿನ ದನಿ ಯಂತ್ರದ ಕೈತಪ್ಪಿ ಹೋಯಿತು. ಆ ತಲೆಮಾರಿನ ಎಷ್ಟೋ ದೊಡ್ಡ ವಿದ್ವಾಂಸರ ಕತೆಯೂ ಇಷ್ಟೇ. ತಟ್ಟೆಯಿಲ್ಲ, ಟೇಪಿಲ್ಲ. ಅವರು ಹೇಗಿದ್ದರು, ಹೇಗೆ ಹಾಡುತ್ತಿದ್ದರು, ಶಿಷ್ಯರನ್ನು ಹೇಗೆ ನಡೆಸಿಕೊಂಡರು ಅಂತ ಗೊತ್ತಾಗಬೇಕಾದರೆ ಕೇಳಿದವರು ಬರೆದಿಡಬೇಕಿತ್ತು. ವಾಸುದೇವಾಚಾರ್ಯರು ಬರೆದಿಟ್ಟರು. ಬೇರೆಯವರ ಹೆಸರು ಉಳಿಯಲಿ ಅಂತ ಇಷ್ಟು ಕಷ್ಟಪಟ್ಟ ಮನುಷ್ಯನ ಹೆಸರೇ ಈಗ ಛತ್ರದಲ್ಲಿ ಯಾರಿಗೂ ಗೊತ್ತಿಲ್ಲ ಅನ್ನುವುದೇ ಬೇಸರದ ಮಾತು.

ಪುಸ್ತಕವನ್ನು ಇಂಗ್ಲಿಷಿಗೆ ತಂದವರು ಅವರ ಮೊಮ್ಮಗ, ಆಕಾಶವಾಣಿಯಲ್ಲಿದ್ದ ಎಸ್. ಕೃಷ್ಣಮೂರ್ತಿ. ಅವರೂ ಸಂಗೀತದ ಬಗ್ಗೆ ಬರೆದವರೇ.

ಎಂಬತ್ತೆಂಟರಲ್ಲಿ ಹೊಸ ನೌಕರಿ!

ಐವತ್ತೆಂಟಕ್ಕೋ ಅರವತ್ತಕ್ಕೋ ರಿಟೈರ್ ಆಗಿ ಜಗುಲಿ ಮೇಲೆ ಕೂರುವವರು ಇದನ್ನು ಓದಬೇಕು. 1953ರಲ್ಲಿ, 88ನೇ ವಯಸ್ಸಿನಲ್ಲಿ, ವಾಸುದೇವಾಚಾರ್ಯರು ಹುಟ್ಟಿದೂರು ಮೈಸೂರು ಬಿಟ್ಟು ಮದರಾಸಿಗೆ ಹೊರಟರು. ಕರೆದವರು ರುಕ್ಮಿಣಿ ದೇವಿ ಅರುಂಡೇಲ್. 1936ರಲ್ಲಿ ಅವರು ಅಡ್ಯಾರಿನಲ್ಲಿ ಕಟ್ಟಿದ ಕಲಾಕ್ಷೇತ್ರಕ್ಕೆ ದೊಡ್ಡ ವಿದ್ವಾಂಸರೊಬ್ಬರು ಬೇಕಿತ್ತು. ಇತ್ತ ದೇಶ ಸ್ವತಂತ್ರವಾಗಿ ಸಂಸ್ಥಾನಗಳು ವಿಲೀನವಾಗಿ, ಮೈಸೂರಿನಲ್ಲಿ ಅರಮನೆಯ ಆಶ್ರಯ ಮೊದಲಿನ ಹಾಗೆ ಉಳಿದಿರಲಿಲ್ಲ.

ಹೋದದ್ದು ಸುಮ್ಮನೆ ಕುರ್ಚಿ ಮೇಲೆ ಕೂರಲಿಕ್ಕಲ್ಲ. ರುಕ್ಮಿಣಿ ದೇವಿ ವಾಲ್ಮೀಕಿ ರಾಮಾಯಣವನ್ನು ಆರು ನೃತ್ಯನಾಟಕಗಳಾಗಿ ರಂಗಕ್ಕೆ ತರುವ ಸಾಹಸಕ್ಕೆ ಕೈಹಾಕಿದ್ದರು. ಅದಕ್ಕೆ ಸಂಗೀತ ಕಟ್ಟುವ ಹೊಣೆ ಈ ಅಜ್ಜನ ಹೆಗಲಿಗೆ ಬಿತ್ತು. ಮೊದಲನೆಯ 'ಸೀತಾ ಸ್ವಯಂವರಂ' 1955ರಲ್ಲಿ ರಂಗಕ್ಕೆ ಬಂದಾಗ ಅವರಿಗೆ 90. ಸಂಸ್ಕೃತ ಪಾಠಶಾಲೆಯಲ್ಲಿ ಹುಡುಗನಾಗಿ ಓದಿದ ಕಾವ್ಯ, ತಿರುವಯ್ಯಾರಿನಲ್ಲಿ ಕಲಿತ ರಾಗ, ಅರಮನೆಯಲ್ಲಿ ಕಂಡ ಕಲೆ, ಎಲ್ಲ ಸೇರಿ ಕೊನೆಯ ಆರೇಳು ವರ್ಷದಲ್ಲಿ ಕೆಲಸಕ್ಕೆ ಬಂತು. ಪದ್ಮಭೂಷಣ ಬಂದದ್ದೂ ಬದುಕಿನ ಆ ಕೊನೆಯ ಕಾಲದಲ್ಲೇ.

ಆರೂ ನಾಟಕ ಮುಗಿಯುವವರೆಗೆ ಆಯುಸ್ಸು ಬಿಡಲಿಲ್ಲ. 1961ರಲ್ಲಿ ಅವರು ತೀರಿಕೊಂಡ ಮೇಲೆ ಉಳಿದ ಕೆಲಸವನ್ನು ಮೊಮ್ಮಗ ಎಸ್. ರಾಜಾರಾಂ ವಹಿಸಿಕೊಂಡರು. ಕೊನೆಯ 'ಮಹಾ ಪಟ್ಟಾಭಿಷೇಕಂ' 1970ರಲ್ಲಿ ರಂಗಕ್ಕೆ ಬಂತು. ಅಜ್ಜ ಸೀತೆಯ ಮದುವೆ ಮಾಡಿಸಿದರು, ಮೊಮ್ಮಗ ರಾಮನಿಗೆ ಪಟ್ಟ ಕಟ್ಟಿಸಿದರು. ರಾಜಾರಾಂ ಮುಂದೆ ಕಲಾಕ್ಷೇತ್ರದ ಮುಖ್ಯಸ್ಥರೂ ಆಗಿದ್ದರು. 1993ರಲ್ಲಿ ಕೇಂದ್ರ ಸರ್ಕಾರ ಆ ಸಂಸ್ಥೆಗೆ ರಾಷ್ಟ್ರೀಯ ಮಹತ್ವದ ಸಂಸ್ಥೆ ಅಂತ ಕಾಯ್ದೆಯನ್ನೇ ಮಾಡಿತು. ಅದರ ದೊಡ್ಡ ಹೆಸರಿನ ಕೆಳಗೆ ಮೈಸೂರಿನ ಒಬ್ಬ ಮುದುಕರ ಬೆವರೂ ಇದೆ.

ಹಕ್ಕು ಮುಗಿಯಿತು, ಹೆಸರು?

ವ್ಯಾಪಾರಸ್ಥರು ಕೇಳುವ ಪ್ರಶ್ನೆ: ಇಷ್ಟು ಹಾಡುತ್ತಾರಲ್ಲ, ದುಡ್ಡು ಯಾರಿಗೆ? ಹಾಡು ಕಟ್ಟಿದವನಿಗೆ ಕಾನೂನಿನಲ್ಲಿ ಹಕ್ಕುಂಟು. 1957ರ ಕಾಪಿರೈಟ್ ಕಾಯ್ದೆಯಲ್ಲಿ ಮೊದಲು ಲೇಖಕ ಸತ್ತ ಮೇಲೆ 50 ವರ್ಷದವರೆಗೆ ಅಂತ ಇತ್ತು. 1992ರ ತಿದ್ದುಪಡಿಯಲ್ಲಿ ಅದನ್ನು 60 ವರ್ಷ ಮಾಡಿದರು. ಸತ್ತ ವರ್ಷದ ಮುಂದಿನ ಜನವರಿಯಿಂದ ಎಣಿಕೆ. ಆ ಲೆಕ್ಕದಲ್ಲಿ ವಾಸುದೇವಾಚಾರ್ಯರ ಕೃತಿಗಳ ಹಕ್ಕು 2021ರ ಡಿಸೆಂಬರಿಗೆ ಮುಗಿದಿದೆ. ಈಗ ಯಾರು ಬೇಕಾದರೂ ಹಾಡಬಹುದು, ಬಾರಿಸಬಹುದು, ಅಚ್ಚು ಮಾಡಬಹುದು. ಯಾರ ಅಪ್ಪಣೆಯೂ ಬೇಡ, ಒಂದು ಕಾಸೂ ಕೊಡಬೇಕಿಲ್ಲ.

ಅಂದ ಮೇಲೆ ಅವರಿಗೆ ಕೊಡಲು ಉಳಿದಿರುವುದು ಒಂದೇ, ಹೆಸರು. ಅದು ಬಿಟ್ಟಿ ಸಿಗುವ ಸಾಮಾನು, ಕೊಡಲು ಯಾಕೆ ಜಿಪುಣತನ?

ಸರ್ಜಾಪುರ ಏನು ಮಾಡಬಹುದು?

ಸರ್ಜಾಪುರ ಈಗ ಮೊದಲಿನ ಊರಲ್ಲ. ರಸ್ತೆಯ ಎರಡೂ ಕಡೆ ಗಗನಕ್ಕೆ ಮುಟ್ಟುವ ಅಪಾರ್ಟ್‌ಮೆಂಟು. ಒಂದೊಂದಕ್ಕೂ ಒಂದೊಂದು ವಿಲಾಯತಿ ಹೆಸರು, ಆಟೋದವರ ನಾಲಿಗೆಗೆ ಹತ್ತುವುದಿಲ್ಲ. ಅದೇ ಅಪಾರ್ಟ್‌ಮೆಂಟುಗಳಲ್ಲಿ ಸಂಜೆ ಹೊತ್ತು ಮಕ್ಕಳು ಸಂಗೀತ ಕಲಿಯುತ್ತಾರೆ. ಜೂನಿಯರ್, ಸೀನಿಯರ್ ಪರೀಕ್ಷೆಗೆ ಕಟ್ಟುತ್ತಾರೆ. ಗಣೇಶನ ಪೆಂಡಾಲಿನಲ್ಲಿ ಹಾಡುತ್ತಾರೆ, ಅಪ್ಪ ಅಮ್ಮ ಮೊಬೈಲಿನಲ್ಲಿ ಹಿಡಿಯುತ್ತಾರೆ. ಮೈಕಿನವರು 'ಮುಂದಿನ ಹಾಡು ಖಮಾಸ್ ರಾಗ' ಅನ್ನುತ್ತಾರೆ, ರಾಗದ ಹೆಸರಿಗೇ ನಿಲ್ಲಿಸುತ್ತಾರೆ. ಇನ್ನೆರಡು ಪದ ಸೇರಿಸಿ 'ರಚನೆ ಮೈಸೂರು ವಾಸುದೇವಾಚಾರ್ಯ' ಅಂದರೆ ಕರೆಂಟೇನೂ ಹೆಚ್ಚು ಸುಡುವುದಿಲ್ಲ.

ಛತ್ರದವರೂ ಮನಸ್ಸು ಮಾಡಬಹುದು. ವಾಲಗದವರಿಗೆ ಯಾವ ಕೃತಿ ಯಾರದು ಅಂತ ಗೊತ್ತಿರುತ್ತದೆ, ಕೇಳುವವರಿಲ್ಲ ಅಷ್ಟೇ. ಹತ್ತಿರ ಹೋಗಿ ಕೇಳಿ ನೋಡಿ. ನಾದಸ್ವರ ಕೆಳಗಿಟ್ಟು ಮುಖ ಅರಳಿಸಿಕೊಂಡು ಹೇಳುತ್ತಾರೆ. ಅವರಿಗೂ ಒಂದು ಮರ್ಯಾದೆ ಸಿಕ್ಕಿದಂತಾಗುತ್ತದೆ. ಶಾಲೆಯ ಮೇಷ್ಟ್ರುಗಳು ಮೇ ತಿಂಗಳು ರಜೆ ಅನ್ನಬಹುದು. ರಜೆ ಮುಗಿದು ಬಾಗಿಲು ತೆರೆದ ಮೊದಲ ವಾರ ಪ್ರಾರ್ಥನೆಯ ಹೊತ್ತಿನಲ್ಲಿ ಎರಡು ಮಾತು ಹೇಳಿದರೂ ಆಯಿತು.

ಮುಂದಿನ ಮದುವೆಯಲ್ಲಿ ಪಕ್ಕದಲ್ಲಿ ಕೂತವರು 'ಇದು ಸಿನಿಮಾ ಹಾಡಲ್ವಾ?' ಅಂತ ಕೇಳಿದರೆ, ಎಲೆ ಹಾಕುವ ಮೊದಲು ಹೇಳಿಬಿಡಿ: 'ಮೈಸೂರಿನವರದು ಸ್ವಾಮಿ, ವಾಸುದೇವಾಚಾರ್ಯರದು.' ಊಟಕ್ಕೆ ತಡವಾಗುವುದಿಲ್ಲ.